ಕಿಜಿಮ್‌ಕಾಜಿಯ ಡಾಲ್ಫಿನ್ ಸವಾರಿಗೆ ಮುಂಗಡ ಕೊಡುವ ಮೊದಲು

ಪೂರ್ವ ಆಫ್ರಿಕಾದ ಟಾಂಜಾನಿಯಾಕ್ಕೆ ಸೇರಿದ ಜಾಂಜಿಬಾರ್ ದ್ವೀಪಕ್ಕೆ ಹೊರಟವರು ಟಿಕೆಟ್ ಕಾದಿರಿಸಿದ ಮೇಲಾದರೂ ಇದನ್ನು ಓದಿಕೊಳ್ಳಲಿ ಎಂದು ಬರೆಯುತ್ತಿದ್ದೇನೆ. ಹೋಗಬೇಡಿ ಎನ್ನುತ್ತಿಲ್ಲ. ಖಂಡಿತ ಹೋಗಿ. ‘ಡಾಲ್ಫಿನ್ ಜೊತೆ ಈಜು’ ಎಂದು ಬೀದಿಯಲ್ಲಿ ಮಾರುವ ಬೆಳಗಿನ ದೋಣಿ ಸವಾರಿಯೊಂದನ್ನು ಮಾತ್ರ ಬಿಟ್ಟುಬಿಡಿ. ಕಳೆದ ಜುಲೈನಲ್ಲಿ ಆ ಸವಾರಿಗೆ ಹೋದ ನಾನು ಸ್ವಲ್ಪ ಹಣ, ಪ್ರವಾಸದ ನಾಲ್ಕು ದಿನ ಮತ್ತು ಹೆಂಡತಿಯ ಮುಂದೆ ಉಳಿಸಿಕೊಂಡಿದ್ದ ಒಂದಿಷ್ಟು ಮರ್ಯಾದೆ ಕಳೆದುಕೊಂಡು ಬಂದೆ.

ಜಾಂಜಿಬಾರಿನ ಹಳೆಯ ಪೇಟೆ ಸ್ಟೋನ್ ಟೌನ್. ಅಲ್ಲಿಯ ಫೊರೊಧಾನಿ ಉದ್ಯಾನದಲ್ಲಿ ಸಂಜೆ ತಿಂಡಿಯ ಅಂಗಡಿಗಳು ಸಾಲಾಗಿ ಹೊತ್ತಿಕೊಳ್ಳುತ್ತವೆ. ಬಿಸಿ ಉರೋಜೊ ಕುಡಿಯುತ್ತ ನಿಂತಿದ್ದೆವು. ಅದು ಹುಳಿಹುಳಿಯಾದ ಹಳದಿ ಸಾರು, ಒಳಗೆ ಬಜಿಯಾ, ಆಲೂಗಡ್ಡೆ. ಆಗ ಒಬ್ಬ ಯುವಕ ‘ನಮಸ್ತೆ, ರಫೀಕಿ’ ಎಂದು ಹತ್ತಿರ ಬಂದ. ರಫೀಕಿ ಎಂದರೆ ಗೆಳೆಯ. ಪ್ರವಾಸಿಗರಿಗೆ ಅಂಟಿಕೊಳ್ಳುವ ಇಂಥ ದಲ್ಲಾಳಿಗಳನ್ನು ಅಲ್ಲಿಯ ಜನ ‘ಪಪಾಸಿ’ ಎನ್ನುತ್ತಾರೆ. ಅಂದರೆ ಉಣ್ಣೆಹುಳು. ಈ ಮಾತು ನನಗೆ ಗೊತ್ತಾದದ್ದು ಎರಡು ದಿನ ತಡವಾಗಿ.

ಅವನು ಹೇಳಿದ ಬೆಲೆ ‘ಲಕಿ ಎರಡು’. ನಮ್ಮ ಲಕ್ಷವೇ ಅಲ್ಲಿ ಲಕಿ, ನಮ್ಮ ಪೈಸೆಯೇ ಪೆಸಾ, ದುಕಾನೇ ದುಕಾ. ಶತಮಾನಗಳ ಕಾಲ ಮಾನ್ಸೂನ್ ಗಾಳಿಯ ಬೆನ್ನೇರಿ ನಮ್ಮ ದಡಕ್ಕೂ ಆ ದಡಕ್ಕೂ ಹಾಯಿದೋಣಿಗಳು ಓಡಾಡಿದ್ದರ ಗುರುತು ಅದು. ಪರದೇಶದಲ್ಲಿ ಲಕ್ಷ ಎಂಬ ಪದ ಕಿವಿಗೆ ಬಿದ್ದರೆ ಮನಸ್ಸು ಮೆತ್ತಗಾಗುತ್ತದೆ. ನನ್ನದೂ ಹಾಗೆಯೇ ಆಯಿತು. ಇಬ್ಬರಿಗೆ ಎರಡು ಲಕ್ಷ ಶಿಲಿಂಗ್, ಸುಮಾರು ಆರೇಳು ಸಾವಿರ ರೂಪಾಯಿ. ಡಾಲ್ಫಿನ್, ಮಧ್ಯಾಹ್ನದ ಊಟ, ಆಮೇಲೆ ಜೊಜಾನಿ ಕಾಡಿನ ಕೆಂಪು ಕೊಲೊಬಸ್ ಕೋತಿಗಳು, ಎಲ್ಲ ಸೇರಿ. ಪೂರ್ತಿ ಹಣ ಎಣಿಸಿ ಕೊಟ್ಟೆ. ರಸೀದಿ ಕೇಳಿದ್ದಕ್ಕೆ ‘ಹಕುನಾ ಮಟಾಟಾ’ ಎಂದ. ಅಂದರೆ ಚಿಂತೆಯಿಲ್ಲ ಎಂದು. ಅದನ್ನೇ ಅಲ್ಲಿಯವರು ತಮ್ಮತಮ್ಮೊಳಗೆ ‘ಹಮ್ನಾ ಶಿದಾ’ ಎನ್ನುತ್ತಾರೆಯೇ ಹೊರತು ಆ ಮಾತು ಆಡುವುದು ಕಡಿಮೆ. ಅದು ಪ್ರವಾಸಿಗರಿಗೆಂದೇ ಇಟ್ಟುಕೊಂಡ ಮಾತು. ಅದು ಕೇಳಿಬಂದಾಗ ಪರ್ಸನ್ನು ಒಳಗಿಡುವುದು ಕ್ಷೇಮ.

ಅಲ್ಲಿಯ ಭಾಷೆ ಸ್ವಾಹಿಲಿ. ಮೊಬೈಲಿನಲ್ಲಿ ಕಲಿತ ಸ್ವಾಹಿಲಿ ಅಂಕಿಗಳನ್ನು ಪ್ರದರ್ಶಿಸುವ ಚಪಲ ಬೇರೆ ನನಗೆ. ದೋಣಿ ದಡಕ್ಕೆ ಮರಳುವುದು ಎಷ್ಟು ಗಂಟೆಗೆ ಎಂದು ಸ್ವಾಹಿಲಿಯಲ್ಲಿ ಕೇಳಿದೆ. ‘ಸಾ ನ್ನೆ’ ಎಂದ. ನ್ನೆ ಎಂದರೆ ನಾಲ್ಕು. ಸಂಜೆ ನಾಲ್ಕರವರೆಗೆ ಕಡಲಿನಲ್ಲಿ ಎಂದುಕೊಂಡು ಹಿಗ್ಗಿದೆ. ಸ್ವಾಹಿಲಿ ಗಡಿಯಾರ ಆರು ಗಂಟೆಯಿಂದ ಶುರುವಾಗುತ್ತದೆ. ಬೆಳಗಿನ ಏಳು ಅವರಿಗೆ ಒಂದು, ಹತ್ತು ಅವರಿಗೆ ನಾಲ್ಕು. ಸೂರ್ಯೋದಯದಿಂದ ಗಳಿಗೆ ಎಣಿಸುತ್ತಿದ್ದವರ ಮೊಮ್ಮಗನಾಗಿ ನನಗೆ ಇದು ಹೊಳೆಯಬೇಕಿತ್ತು. ಆ ಹುಡುಗ ಈ ಒಂದು ವಿಷಯದಲ್ಲಿ ಸುಳ್ಳು ಹೇಳಿರಲಿಲ್ಲ. ಹೊತ್ತು ಕೇಳುವಾಗ ‘ಅಸುಬುಹಿ’ಯೋ ‘ಜಿಯೋನಿ’ಯೋ, ಬೆಳಿಗ್ಗೆಯೋ ಸಂಜೆಯೋ ಎಂದು ಕೇಳಿಕೊಳ್ಳಿ.

ದ್ವೀಪದ ದಕ್ಷಿಣ ತುದಿಯ ಕಿಜಿಮ್‌ಕಾಜಿ ಸ್ಟೋನ್ ಟೌನಿನಿಂದ ಒಂದು ಗಂಟೆಗೂ ಮೀರಿದ ದಾರಿ. ಮುಂಜಾನೆ ಮಿನಿಬಸ್ಸಿನಲ್ಲಿ ಹೋದೆವು. ಅಲ್ಲಿಯ ಹಳೆಯ ಮಸೀದಿಯ ಗೋಡೆಯಲ್ಲಿ 1107ನೆಯ ಇಸವಿಯ, ಕೂಫಿ ಎಂಬ ಹಳೆಯ ಅರಬ್ಬಿ ಲಿಪಿಯ ಶಾಸನವಿದೆ. ಪೂರ್ವ ಆಫ್ರಿಕಾದ ಅತಿ ಹಳೆಯ ಇಸ್ಲಾಮಿಕ್ ಬರಹಗಳಲ್ಲಿ ಅದೂ ಒಂದು. ನಮ್ಮನ್ನು ಅದರ ಹತ್ತಿರಕ್ಕೂ ಬಿಡಲಿಲ್ಲ, ‘ಬೇಗ, ಬೇಗ’ ಎಂದು ದೋಣಿಗೆ ಹತ್ತಿಸಿದರು. ಎಂಟು ಜನಕ್ಕೆ ಮೂರು ಲೈಫ್ ಜಾಕೆಟ್. ಮೂರರಲ್ಲಿ ಒಂದಕ್ಕೆ ಗುಂಡಿಯಿರಲಿಲ್ಲ.

ದೋಣಿ ನಡೆಸುವವನನ್ನು ಅಲ್ಲಿ ನಹೋಧಾ ಎನ್ನುತ್ತಾರೆ. ಭಟ್ಕಳದ ಕಡೆ ಕೇಳಿಬರುವ ನಾಖುದಾ ಎಂಬ ಹೆಸರಿನ ಅಣ್ಣತಮ್ಮ. ನಮ್ಮ ನಹೋಧಾ ಫೋನಿನಲ್ಲಿ ಉಳಿದ ದೋಣಿಗಳವರೊಂದಿಗೆ ಮಾತನಾಡುತ್ತಲೇ ಇದ್ದ. ಒಂದು ಕಡೆ ಬೆನ್ನುರೆಕ್ಕೆ ಕಂಡಿತೆಂದು ಸುದ್ದಿ ಬಂದ ಕೂಡಲೇ ಎಲ್ಲ ಎಂಜಿನ್‌ಗಳೂ ಒಟ್ಟಿಗೆ ಅರಚಿದವು. ಹದಿನೇಳು ದೋಣಿ ಎಣಿಸಿದೆ. ನಾಲ್ಕೋ ಐದೋ ಡಾಲ್ಫಿನ್‌ಗಳು, ಜೊತೆಗೊಂದು ಮರಿ. ದೋಣಿಗಳು ಅವುಗಳ ಮುಂದೆ ಅಡ್ಡ ಹೋಗಿ ನಿಲ್ಲುವುದು, ಅವು ಮುಳುಗಿ ಆಚೆ ಏಳುವುದು, ಮತ್ತೆ ಎಲ್ಲರೂ ಆಚೆಗೆ ನುಗ್ಗುವುದು. ಊರಿಗೆ ನುಗ್ಗಿದ ಕಾಡುಹಂದಿಯನ್ನು ಅಟ್ಟಿದ ಹಾಗಿತ್ತು.

‘ರುಕಾ! ರುಕಾ!’ ಎಂದು ನಹೋಧಾ ಕೂಗಿದ. ಸ್ವಾಹಿಲಿಯಲ್ಲಿ ಅದು ‘ಹಾರು’ ಎಂದು. ಹಿಂದಿ ಬಲ್ಲ ನನ್ನ ಹೆಂಡತಿ ‘ನಿಲ್ಲು’ ಎಂದು ತಿಳಿದು ಹಲಗೆಯನ್ನು ಇನ್ನೂ ಬಿಗಿಯಾಗಿ ಹಿಡಿದು ಕುಳಿತಳು. ಅರ್ಥ ಗೊತ್ತಿದ್ದ ನಾನು ಹಾರಿದೆ. ಹೊಗೆಯ ವಾಸನೆಯ ನೀರು, ನಾಲ್ಕೂ ಕಡೆ ಪ್ರೊಪೆಲ್ಲರ್, ಎರಡು ಮೀಟರ್ ದೂರದಲ್ಲಿ ಯಾರದೋ ಕಾಲು. ಡಾಲ್ಫಿನ್ ಒಮ್ಮೆ ಕೆಳಗಿನಿಂದ ಹಾದುಹೋಯಿತು, ನೆರಳಿನಂತೆ. ಮರಿ ಅದರ ಹೊಟ್ಟೆಗೆ ಅಂಟಿಕೊಂಡಿತ್ತು. ನಾನು ಅದರ ಜೊತೆ ಈಜಲಿಲ್ಲ, ಅದು ನನ್ನಿಂದ ತಪ್ಪಿಸಿಕೊಂಡಿತು.

ಊರಿಗೆ ಬಂದ ಮೇಲೆ ಓದಿ ತಿಳಿದದ್ದು: 1990ರ ದಶಕದ ನಡುವಿನವರೆಗೂ ಅಲ್ಲಿ ಡಾಲ್ಫಿನ್‌ಗಳನ್ನು ಬೇಟೆಯಾಡಿ ಶಾರ್ಕ್ ಹಿಡಿಯುವ ಗಾಳಕ್ಕೆ ಎರೆಯಾಗಿ ಸಿಕ್ಕಿಸುತ್ತಿದ್ದರು. ಸತ್ತ ಡಾಲ್ಫಿನ್‌ಗಿಂತ ಬದುಕಿದ್ದೇ ಹೆಚ್ಚು ದುಡಿಯುತ್ತದೆ ಎಂದು ಪ್ರವಾಸಿಗರು ಬಂದ ಮೇಲೆ ಊರಿಗೆ ತಿಳಿಯಿತು. ಆದ್ದರಿಂದ ಮೀನುಗಾರರನ್ನು ಬೈಯುವ ಬಾಯಿ ನನಗಿಲ್ಲ. ಆದರೆ ಅಲ್ಲಿ ಅಧ್ಯಯನ ನಡೆಸಿದವರು, ದೋಣಿಗಳು ಮುತ್ತಿದಾಗ ಈ ಪ್ರಾಣಿಗಳು ವಿಶ್ರಾಂತಿಯನ್ನೂ ಮೇವನ್ನೂ ಬಿಟ್ಟು ಸುಮ್ಮನೆ ಓಡುತ್ತಲೇ ಇರುತ್ತವೆ ಎಂದು ಕಂಡುಕೊಂಡಿದ್ದಾರೆ. ಓಡಿಸಿದವರಲ್ಲಿ ನಾನೂ ಒಬ್ಬ, ಅದೂ ಹಣ ಕೊಟ್ಟು.

ಬೆಳಗಿನ ಹತ್ತಕ್ಕೆ ಸರಿಯಾಗಿ, ಅಂದರೆ ಅವರ ನಾಲ್ಕಕ್ಕೆ, ದೋಣಿ ದಡದ ಕಡೆ ತಿರುಗಿತು. ದಡ ಇರಲಿಲ್ಲ! ಹೋಗುವಾಗ ನೀರಿದ್ದ ಜಾಗದಲ್ಲೆಲ್ಲ ಕಪ್ಪು ಹವಳಬಂಡೆ ಮೇಲೆದ್ದಿತ್ತು. ನಾನು ಹುಟ್ಟಿ ಬೆಳೆದದ್ದು ಕುಂದಾಪುರದ ಕಡಲ ಬದಿಯಲ್ಲಿ. ಭರತ, ಇಳಿತ ನನಗೆ ಯಾರೂ ಹೇಳಿಕೊಡಬೇಕಿಲ್ಲ ಎಂಬ ಠೇಂಕಾರವಿತ್ತು. ನಮ್ಮ ಕಡೆ ನೀರು ಏರಿಳಿಯುವುದು ಒಂದೂವರೆ, ಎರಡು ಮೀಟರ್. ಅಲ್ಲಿ ಹುಣ್ಣಿಮೆ ಅಮಾವಾಸ್ಯೆಗೆ ನಾಲ್ಕು ಮೀಟರಿನಷ್ಟು, ಮತ್ತು ಆ ದಿನಗಳಲ್ಲಿ ನೀರು ತೀರಾ ಕೆಳಗಿಳಿಯುವುದು ಹತ್ತು ಹತ್ತೂವರೆಯ ಹೊತ್ತಿಗೆ. ನಾವು ಹೋದದ್ದು ಹುಣ್ಣಿಮೆಯ ಮಾರನೆಯ ದಿನ. ‘ಇಳಿತ ಎಷ್ಟು ಹೊತ್ತಿಗೆ ಎಂದು ಕೇಳಿದ್ದೀರಾ?’ ಎಂದು ಹೆಂಡತಿ ಹಿಂದಿನ ರಾತ್ರಿಯೇ ಕೇಳಿದ್ದಳು. ‘ನನಗೆ ಕಡಲು ಹೊಸದೇ?’ ಎಂದಿದ್ದೆ.

ಬರಿಗಾಲಿನಲ್ಲಿ ಇಳಿದು ನಡೆಯಬೇಕಾಯಿತು. ಹತ್ತು ಹೆಜ್ಜೆ ಇಟ್ಟಿರಲಿಲ್ಲ, ಬಂಡೆಯ ಗುಂಡಿಯಲ್ಲಿ ಕೂತಿದ್ದ ಸೀ ಅರ್ಚಿನ್ ಮೇಲೆ ಎಡಗಾಲು ಬಿತ್ತು. ಕರಿಮುಳ್ಳಿನ ಚೆಂಡು ಅದು, ಮುಳ್ಳು ಒಳಗೆ ಹೋಗಿ ಅಲ್ಲೇ ಮುರಿಯುತ್ತದೆ. ಹನ್ನೊಂದು ಮುಳ್ಳು. ನಹೋಧಾ ಅಷ್ಟರಲ್ಲಿ ಲಂಗರಿನ ಕೆಲಸದಲ್ಲಿ ಮುಳುಗಿದ್ದ. ಬಂಡೆಯ ಸಂದುಗಳಲ್ಲಿ ಕೋಲು ತಿವಿದು ಆಕ್ಟೋಪಸ್ ಹಿಡಿಯುತ್ತಿದ್ದ ಹೆಂಗಸರಲ್ಲಿ ಒಬ್ಬರು ‘ಪೋಲೆ, ಪೋಲೆ ಸಾನಾ’ ಎನ್ನುತ್ತ ಬಂದು ನನ್ನನ್ನು ದಡ ಮುಟ್ಟಿಸಿದರು. ಅಯ್ಯೋ ಪಾಪ ಎನ್ನಲು ಅವರಾಡುವ ಮಾತು ಅದು. ಮನೆಯಿಂದ ಹಸಿ ಪಪ್ಪಾಯಿ ತಂದು ಗೀರಿ ಹಾಲು ಹಚ್ಚಿದರು. ಹಣ ಕೊಡಲು ಹೋದರೆ ಕೈ ಹಿಂದಕ್ಕೆ ಎಳೆದುಕೊಂಡರು. ಆ ಇಡೀ ದಿನದಲ್ಲಿ ಬೆಲೆ ಹೇಳದೆ ಸಿಕ್ಕಿದ್ದು ಅದೊಂದೇ.

ಉಳಿದದ್ದನ್ನು ಹೇಳುವ ಉಮೇದಿಲ್ಲ. ಊಟ ‘ಸೇರಿಲ್ಲ’, ಜೊಜಾನಿ ‘ಬೇರೆ ಪ್ಯಾಕೇಜ್’, ಮಿನಿಬಸ್ಸಿನ ಚಾಲಕನಿಗೆ ಆ ಹುಡುಗ ಯಾರೆಂದೇ ಗೊತ್ತಿಲ್ಲ. ಮರುದಿನ ಚಿಕಿತ್ಸಾಲಯದಲ್ಲಿ ಕಾಲನ್ನು ತಡೆಯುವಷ್ಟು ಬಿಸಿಯ ನೀರಿನಲ್ಲಿಟ್ಟು ಮುಳ್ಳು ತೆಗೆದರು. ಸೂಜಿ ಹಾಕಿ ನೀವೇ ಕೆದಕಬೇಡಿ. ವಿದೇಶೀಯರು ದ್ವೀಪಕ್ಕೆ ಕಾಲಿಡುವ ಮೊದಲು 44 ಡಾಲರಿನ ಪ್ರಯಾಣ ವಿಮೆ ಮಾಡಿಸುವುದು 2024ರ ಅಕ್ಟೋಬರಿನಿಂದ ಕಡ್ಡಾಯ. ಮಾಡಿಸಿದ್ದೆ, ಕಾಗದ ಹೋಟೆಲಿನ ಪೆಟ್ಟಿಗೆಯಲ್ಲಿತ್ತು.

ಡಾಲ್ಫಿನ್ ನೋಡಲೇಬೇಕೆಂದಿದ್ದರೆ ಜಾಂಜಿಬಾರ್ ಪ್ರವಾಸೋದ್ಯಮ ಆಯೋಗ ಕೊಟ್ಟ ಗುರುತಿನ ಚೀಟಿಯಿರುವ ಮಾರ್ಗದರ್ಶಿಯನ್ನೇ ಹುಡುಕಿ. ನೀರಿಗೆ ಇಳಿಯುವುದಿಲ್ಲ, ದೂರದಲ್ಲೇ ಎಂಜಿನ್ ನಿಲ್ಲಿಸಿ ನೋಡುತ್ತೇವೆ ಎಂದು ಮೊದಲೇ ಹೇಳಿ. ಒಪ್ಪದವನು ಮುಂದಕ್ಕೆ ಹೋಗಲಿ. ಹಣದಲ್ಲಿ ಅರ್ಧ ದಡಕ್ಕೆ ಬಂದ ಮೇಲೆ. ರಬ್ಬರ್ ಅಡಿಯ ಬೂಟು ಊರಿನಿಂದಲೇ ಒಯ್ಯಿರಿ. ಪಂಚಾಂಗದಲ್ಲಿ ತಿಥಿ ನೋಡಿಕೊಂಡು ಹೋದರೂ ನಡೆದೀತು, ನಾನು ತಮಾಷೆಗೆ ಹೇಳುತ್ತಿಲ್ಲ.

ನಾಲ್ಕನೆಯ ಸಂಜೆ ಕುಂಟುತ್ತ ಫೊರೊಧಾನಿಗೆ ಹೋದೆವು. ಅದೇ ಹುಡುಗ ಕಬ್ಬಿನ ಹಾಲಿನ ಗಾಡಿಯ ಪಕ್ಕದಲ್ಲಿ ನಿಂತಿದ್ದ. ಮೂರು ರಾತ್ರಿ ಮನಸ್ಸಿನಲ್ಲೇ ತಿದ್ದಿ ತೀಡಿಟ್ಟಿದ್ದ ಬೈಗುಳ ನಾಲಿಗೆಯ ತುದಿಗೆ ಬಂದಿತ್ತು. ಅವನೇ ಮುಂದೆ ಬಂದು ನನ್ನ ಪಟ್ಟಿ ಕಟ್ಟಿದ ಕಾಲನ್ನು ನೋಡಿ ‘ಪೋಲೆ ಸಾನಾ, ಕಾಕಾ’ ಎಂದ. ಕಾಕಾ ಎಂದರೆ ಅಣ್ಣ. ಆಮೇಲೆ, ನಾಳೆ ಚಂಗೂ ದ್ವೀಪಕ್ಕೆ ಹೋಗೋಣವೇ, ಅಲ್ಲಿಯ ದೈತ್ಯ ಆಮೆಗಳು ಓಡುವುದಿಲ್ಲ, ನಿಧಾನ ನಡೆಯುವವರಿಗೆ ಒಳ್ಳೆಯದು, ಒಂದೇ ಲಕಿ ಎಂದ.