ದಿನವೂ ಕನ್ಸೀಲರ್ ಬಳಸುವವರಿಗೆ: ಲಿಕ್ವಿಡ್, ಕ್ರೀಮ್, ಸ್ಟಿಕ್‌ಗಳ ದೀರ್ಘ ಬಳಕೆಯ ವಿಮರ್ಶೆ

ಮೊದಲೇ ತೀರ್ಪು ಹೇಳಿಬಿಡುತ್ತೇನೆ: ಕಲೆ ಮರೆಮಾಡುವ ಮೇಕಪ್ಪಾದ ಕನ್ಸೀಲರ್‌ನ ಒಂದೇ ಟ್ಯೂಬ್ ಮುಖದ ಎಲ್ಲ ಕಲೆಗೂ ಆಗಿಬರುವುದಿಲ್ಲ. ಹಾಗಂತ ಹತ್ತು ಬಣ್ಣಗಳ ಪ್ಯಾಲೆಟ್ಟೂ ಬೇಕಿಲ್ಲ, ಅದರಲ್ಲಿ ಮುಕ್ಕಾಲು ಪಾಲು ಮುಟ್ಟದೆಯೇ ಹಳತಾಗುತ್ತದೆ. ತೆಳುವಾದ ಲಿಕ್ವಿಡ್ ಒಂದು, ಪೀಚ್ ಅಥವಾ ಕಿತ್ತಳೆ ಬಣ್ಣದ ಕರೆಕ್ಟರ್ (ಕಲೆಯ ಬಣ್ಣವನ್ನು ಎದುರು ಬಣ್ಣದಿಂದ ಅಡಗಿಸುವ ಪದರ) ಒಂದು ಇದ್ದರೆ ಹೆಚ್ಚಿನವರಿಗೆ ಸಾಕು. ಮೊಡವೆ ಪದೇಪದೇ ಏಳುವವರು ಡಬ್ಬಿಯಲ್ಲಿ ಬರುವ ಗಟ್ಟಿ ಕ್ರೀಮ್ ಸೇರಿಸಿಕೊಳ್ಳಬಹುದು.

ಹೆಚ್ಚು ಜನ ಸೋಲುವುದು ಕಣ್ಣಿನ ಕೆಳಗೆ. ಕಪ್ಪು ಕಂಡ ತಕ್ಷಣ ತಮ್ಮ ಬಣ್ಣಕ್ಕಿಂತ ತಿಳಿಯಾದ ಶೇಡ್ ಬಳಿಯುತ್ತಾರೆ, ಅದು ಬೂದು ಬಣ್ಣಕ್ಕೆ ತಿರುಗುತ್ತದೆ. ತಿಳಿ ಶೇಡಿನಲ್ಲಿ ಟೈಟಾನಿಯಂ ಡೈಆಕ್ಸೈಡ್‌ನ ಬಿಳಿ ಹೆಚ್ಚಿರುತ್ತದೆ. ನೀಲಿಯ ಮೇಲೆ ಬಿಳಿ ಬಿದ್ದರೆ ಬೂದಾಗದೆ ಇನ್ನೇನಾದೀತು? ಆದ್ದರಿಂದ ಕೊಳ್ಳುವ ಮೊದಲೇ ಕಿಟಕಿಯ ಎದುರು ಕನ್ನಡಿ ಹಿಡಿದು ನೋಡಿ. ಗಲ್ಲ ಮೇಲೆತ್ತಿ ಬೆಳಕು ನೇರ ಬಿದ್ದಾಗ ಕಪ್ಪು ಮಾಯವಾದರೆ ಅದು ಗುಳಿಯ ನೆರಳು. ಚರ್ಮವನ್ನು ಮೆಲ್ಲಗೆ ಪಕ್ಕಕ್ಕೆ ಎಳೆದಾಗ ನೀಲಿ-ನೇರಳೆ ಎದ್ದು ಕಂಡರೆ ಅದು ರಕ್ತನಾಳದ ಬಣ್ಣ. ಎಳೆದರೂ ಕಂದು ಹಾಗೆಯೇ ಉಳಿದರೆ ಚರ್ಮದಲ್ಲೇ ಇರುವ ವರ್ಣ.

ನೀಲಿಗೆ ಎದುರು ಬಣ್ಣ ಕಿತ್ತಳೆ. ಬಿಳಿ ಮೈಬಣ್ಣದವರಿಗೆ ಗುಲಾಬಿ ಬೆರೆತ ಪೀಚ್, ಗೋಧಿ ಬಣ್ಣಕ್ಕೆ ಗಾಢ ಪೀಚ್, ಕಡುಗಪ್ಪು ಮೈಬಣ್ಣಕ್ಕೆ ಕೆಂಪು ಛಾಯೆಯ ಕಿತ್ತಳೆ ಹೊಂದುತ್ತದೆ. ಕಂದು ಇದ್ದರೂ ಪೀಚ್ ಕೆಲಸ ಮಾಡುತ್ತದೆ. ಕಪ್ಪಿರುವ ಕಡೆಗಷ್ಟೇ ಕರೆಕ್ಟರನ್ನು ತೀರ ತೆಳ್ಳಗೆ ತಟ್ಟಿ, ಒಂದು ನಿಮಿಷ ಬಿಟ್ಟು ಅದರ ಮೇಲೆ ಮೈಬಣ್ಣದ್ದೇ ಶೇಡಿನ ಲಿಕ್ವಿಡ್. ಒಂದು ಕಣ್ಣಿಗೆ ಅರ್ಧ ಅಕ್ಕಿಕಾಳಿನಷ್ಟು ಸಾಕು. ಗುಳಿಯ ನೆರಳಿಗೆ ಮಾತ್ರ ಒಂದು ಶೇಡ್ ತಿಳಿಯಾದದ್ದನ್ನು ಗುಳಿಯ ಗೆರೆಯಲ್ಲಿ ಎಳೆಯಬಹುದು. ಉಬ್ಬಿದ ಚೀಲದ ಮೇಲೆ ತಿಳಿ ಶೇಡ್ ಹಚ್ಚಿದರೆ ಅದು ಇನ್ನೂ ಉಬ್ಬಿ ಕಾಣುತ್ತದೆ.

ಮಧ್ಯಾಹ್ನದ ಹೊತ್ತಿಗೆ ಗೆರೆಗಳಲ್ಲಿ ಕನ್ಸೀಲರ್ ಸೇರಿಕೊಳ್ಳುವುದಕ್ಕೆ ಟ್ಯೂಬನ್ನೇ ದೂರಬೇಡಿ. ಕೆಳಗಿನ ಐ ಕ್ರೀಮ್ ಇಂಗಿರುವುದಿಲ್ಲ, ಇಲ್ಲವೇ ಹಚ್ಚಿದ್ದು ಹೆಚ್ಚಾಗಿರುತ್ತದೆ. ಕ್ರೀಮ್, ಸನ್‌ಸ್ಕ್ರೀನ್ ಹಚ್ಚಿ ಹತ್ತು ನಿಮಿಷ ಬಿಡಿ. ಕನ್ಸೀಲರ್ ಹಚ್ಚಿದ ಮೇಲೆ ಮೇಲಕ್ಕೆ ನೋಡುತ್ತಾ ಗೆರೆಯಲ್ಲಿ ಕೂತದ್ದನ್ನು ಬೆರಳಿನಿಂದ ತಟ್ಟಿ ಬಿಡಿಸಿ, ಆ ಕ್ಷಣದಲ್ಲೇ ಚಿಟಿಕೆಗೂ ಕಡಿಮೆ ಪೌಡರ್ ಒತ್ತಿ. ಗೆರೆ ಕೂತ ಮೇಲೆ ಪೌಡರ್ ಹಾಕಿದರೆ ಗೆರೆಯೇ ಗಟ್ಟಿಯಾಗುತ್ತದೆ.

ಮೊಡವೆಗೆ ಲಿಕ್ವಿಡ್ ನಿಲ್ಲದು, ಜಾರುತ್ತದೆ. ಗಟ್ಟಿಯಾದ, ಹೊಳಪಿಲ್ಲದ (ಮ್ಯಾಟ್) ಕ್ರೀಮನ್ನು ಸಣ್ಣ ಬ್ರಷ್‌ನ ತುದಿಯಲ್ಲಿ ತೆಗೆದು ಕೆಂಪಿನ ಮೇಲೆ ಇಡಿ, ಅರ್ಧ ನಿಮಿಷ ಅಲುಗಿಸಬೇಡಿ, ಆಮೇಲೆ ಅಂಚನ್ನು ಮಾತ್ರ ಬೆರೆಸಿ. ನಡುವೆ ಉಜ್ಜಿದರೆ ಬಣ್ಣವೆಲ್ಲ ಸುತ್ತಲಿಗೆ ಹೋಗಿ ಮೊಡವೆ ಬಯಲಾಗುತ್ತದೆ. ಕೆಂಪು ತೀರಾ ಹೆಚ್ಚಿದ್ದರೆ ಅಡಿಯಲ್ಲಿ ಹಸಿರು ಕರೆಕ್ಟರ್, ಅದೂ ಕಂಡೂ ಕಾಣದಷ್ಟು. ಒಣಗಿ ಸಿಪ್ಪೆ ಏಳುತ್ತಿರುವ ಮೊಡವೆಗೆ ಯಾವ ಕನ್ಸೀಲರೂ ಹಿಡಿಯುವುದಿಲ್ಲ. ಮೊದಲು ಮಾಯಿಶ್ಚರೈಸರ್ ಹಚ್ಚಿ, ಹೆಚ್ಚಾದದ್ದನ್ನು ಟಿಶ್ಯೂವಿನಿಂದ ಒತ್ತಿ ತೆಗೆಯಿರಿ. ಮೊಡವೆಯ ಉಬ್ಬು ಹೋಗುವುದಿಲ್ಲ, ಬಣ್ಣ ಮಾತ್ರ ಮರೆಯಾಗುತ್ತದೆ.

ಬಂಗು, ಅಂದರೆ ಮುಖದ ಮೇಲೆ ಹರಡುವ ಕಂದು ಕಲೆ, ಅದಕ್ಕೂ ಕಣ್ಣಿನ ಕೆಳಗಿನ ಕಂದಿನದೇ ಸೂತ್ರ, ಆದರೆ ಜಾಗ ದೊಡ್ಡದು. ಒಂದು ದಪ್ಪ ಪದರಕ್ಕಿಂತ ಎರಡು ತೆಳು ಪದರ ಮೇಲು. ಬಿಸಿಲು ಬಂಗನ್ನು ಹೆಚ್ಚಿಸುವುದರಿಂದ ಅಡಿಯಲ್ಲಿ ಸನ್‌ಸ್ಕ್ರೀನ್ ತಪ್ಪಿಸಲೇಬಾರದು. ಕನ್ಸೀಲರ್‌ನ ಮೇಲೆ ಎಸ್‌ಪಿಎಫ್ (ಬಿಸಿಲಿನಿಂದ ರಕ್ಷಣೆಯ ಅಳತೆ) ಎಂದು ಬರೆದಿದ್ದರೂ ನಾವು ಹಚ್ಚುವ ಪ್ರಮಾಣಕ್ಕೆ ಅದು ಲೆಕ್ಕಕ್ಕಿಲ್ಲ.

ಸ್ಟಿಕ್ ನನಗೆ ಹಿಡಿಸದು. ಮೇಣ ಹೆಚ್ಚಿರುವುದರಿಂದ ಚರ್ಮವನ್ನು ಎಳೆಯುತ್ತದೆ, ಸೆಕೆಗೆ ಮೆತ್ತಗಾಗುತ್ತದೆ. ಮೊಡವೆಗೆ ನೇರ ತಾಗಿಸಿದ ತುದಿಯನ್ನೇ ಮತ್ತೊಂದು ಕಡೆಗೆ ಒಯ್ಯುವುದಂತೂ ಕೊಳಕು. ಕೈಕಾಲಿನ ಹಳೆಯ ಕಲೆಗಳಿಗೆ ಪರವಾಗಿಲ್ಲ.

ಶೇಡನ್ನು ಅಂಗೈ ಹಿಂಭಾಗದ ಮೇಲಲ್ಲ, ದವಡೆಯ ಮೇಲೆ ಹಚ್ಚಿ ನೋಡಿ. ಇಪ್ಪತ್ತು ನಿಮಿಷ ಕಾದು ಹಗಲು ಬೆಳಕಿನಲ್ಲಿ ನಿರ್ಧರಿಸಿ. ಎಣ್ಣೆ ಚರ್ಮದ ಮೇಲೆ ಹಲವು ಲಿಕ್ವಿಡ್‌ಗಳು ಅಷ್ಟರಲ್ಲೇ ಅರ್ಧ ಶೇಡ್ ಗಾಢವಾಗುತ್ತವೆ.

ತಿಂಗಳುಗಳು ಕಳೆದಂತೆ ಬರುವ ತೊಂದರೆ ಬೇರೆ. ಲಿಕ್ವಿಡ್‌ನ ಕಡ್ಡಿಯನ್ನು ಪಂಪ್ ಮಾಡಿದಂತೆ ಒಳಗೆ ಹೊರಗೆ ಆಡಿಸಿದರೆ ಗಾಳಿ ಸೇರಿ ಬೇಗ ದಪ್ಪಗಾಗುತ್ತದೆ, ಅದನ್ನು ತಿರುಗಿಸಿ ತೆಗೆಯಬೇಕು. ಕಡ್ಡಿಯನ್ನು ಮುಖಕ್ಕೆ ತಾಗಿಸದೆ ಕೈ ಹಿಂಭಾಗಕ್ಕೆ ಒರೆಸಿ, ಅಲ್ಲಿಂದ ಬೆರಳಲ್ಲಿ ತೆಗೆದುಕೊಳ್ಳಿ. ಡಬ್ಬಿಯ ಕ್ರೀಮ್ ಮುಚ್ಚಳ ಸಡಿಲವಾದರೆ ಅಂಚಿನಿಂದ ಒಣಗಿ ಉಂಡೆ ಉಂಡೆಯಾಗುತ್ತದೆ. ಪ್ಯಾಕ್ ಮೇಲೆ ತೆರೆದ ಡಬ್ಬಿಯ ಚಿತ್ರದೊಳಗೆ 6 ಅಥವಾ 12 ಎಂದಿರುವುದು ತೆರೆದ ಮೇಲೆ ಉಳಿಯುವ ತಿಂಗಳುಗಳು. ವಾಸನೆ ಬದಲಾದರೆ, ಎಣ್ಣೆ ಬೇರ್ಪಟ್ಟರೆ ಆ ಅವಧಿಯನ್ನೂ ಕಾಯದೆ ಬಿಸಾಡಿ.