ಕೊಡಗಿನ ಮಳೆಗಾಲಕ್ಕೆ ಹೇಳಿ ಮಾಡಿಸಿದ ಗೇಮ್: ಚಾಂಪಿಯನ್‌ಶಿಪ್ ಮ್ಯಾನೇಜರ್ 01/02

ನಮ್ಮನೆ ನಾಪೋಕ್ಲು ಕಡೆ. ಜುಲೈ ಬಂತಂದ್ರೆ ಇಲ್ಲಿ ಏನಾಗತ್ತೆ ಅಂತ ಕೊಡಗಿನವರಿಗೆ ಹೇಳೋದೇ ಬೇಡ, ಎಲ್ಲೋ ಒಂದು ಮರ ಲೈನ್ ಮೇಲೆ ಬೀಳತ್ತೆ, ಮೂರು ದಿನ ಕರೆಂಟ್ ಇರಲ್ಲ, ಟವರ್ ಕೂಡ ಆಫ್ ಆಗಿ ಮೊಬೈಲಲ್ಲಿ ಒಂದು ಕಡ್ಡಿ ಸಿಗ್ನಲ್ ಇರಲ್ಲ, ಭಾಗಮಂಡಲದಲ್ಲಿ ನೀರು ರೋಡಿಗೆ ಬಂತಂತೆ ಅನ್ನೋ ಸುದ್ದೀನೂ ಯಾರಾದ್ರೂ ಮನೆಗೆ ಬಂದು ಹೇಳಿದ್ರೇನೇ ಗೊತ್ತಾಗೋದು. ಅಪ್ಪ ಬೆಳಗ್ಗೆ ಮಳೆ ಅಳತೆ ನೋಡಿ ಡೈರಿಲಿ ಇಂಚು ಬರೆದಿಡ್ತಾರೆ, ತೋಟಕ್ಕೆ ಇಳಿಯೋ ಹಾಗಿಲ್ಲ, ಜಿಗಣೆ. ಸಂಜೆ ಎರಡು ಗಂಟೆ ಜನರೇಟರ್ ಹಾಕ್ತೀವಿ, ಅಷ್ಟರಲ್ಲೇ ಟ್ಯಾಂಕಿಗೆ ನೀರು, ಫ್ರಿಡ್ಜು, ನನ್ನ ಹಳೇ ಲ್ಯಾಪ್‌ಟಾಪ್ ಚಾರ್ಜು ಎಲ್ಲ ಆಗಬೇಕು. ಈಗಿನ ಗೇಮ್‌ಗಳಲ್ಲಿ ಎಷ್ಟೋ ಓಪನ್ ಆಗಕ್ಕೇ ನೆಟ್ ಕೇಳ್ತವೆ, ಗ್ರಾಫಿಕ್ಸ್ ಕಾರ್ಡ್ ಕೇಳ್ತವೆ, ಬ್ಯಾಟರಿ ಅರ್ಧ ಗಂಟೆಲಿ ಖಾಲಿ ಮಾಡ್ತವೆ. ಹಾಗಾಗಿ ಮೂರು ಮಳೆಗಾಲದಿಂದ ನಾನು ಆಡ್ತಿರೋದು ಒಂದೇ ಗೇಮ್, ಚಾಂಪಿಯನ್‌ಶಿಪ್ ಮ್ಯಾನೇಜರ್ 01/02 ಅನ್ನೋ ಫುಟ್‌ಬಾಲ್ ಕಂಪ್ಯೂಟರ್ ಗೇಮ್, ಅದರ ಬಗ್ಗೆ ಬರೀಬೇಕು ಅಂತ ತುಂಬಾ ದಿನದಿಂದ ಇತ್ತು.

ಗೇಮ್ ಬಂದಿದ್ದು 2001ರ ಅಕ್ಟೋಬರ್‌ನಲ್ಲಿ. ಇಂಗ್ಲೆಂಡಿನ ಪಾಲ್ ಕಾಲಿಯರ್, ಆಲಿವರ್ ಕಾಲಿಯರ್ ಅಂತ ಅಣ್ಣ ತಮ್ಮ ಶುರು ಮಾಡಿದ ಸರಣಿ ಇದು, ಮೊದಲನೇದು 1992ರಲ್ಲಿ ಬಂತು. ಅವರ ಸ್ಪೋರ್ಟ್ಸ್ ಇಂಟರಾಕ್ಟಿವ್ ಅನ್ನೋ ಕಂಪನಿ ಗೇಮ್ ಮಾಡ್ತಿತ್ತು, ಐಡಾಸ್ ಕಂಪನಿ ಮಾರ್ತಿತ್ತು. ಆಮೇಲೆ ಎರಡೂ ಕಂಪನಿ ಬೇರೆ ಆದ್ವು, ಹೆಸರು ಐಡಾಸ್ ಹತ್ರ ಉಳೀತು, ಗೇಮ್ ಮಾಡೋರು ಸೆಗಾ ಜೊತೆ ಸೇರಿ ಫುಟ್‌ಬಾಲ್ ಮ್ಯಾನೇಜರ್ ಅಂತ ಹೊಸ ಹೆಸರಲ್ಲಿ ಮುಂದುವರಿಸಿದ್ರು. ಈ 01/02ನ 2008ರ ಡಿಸೆಂಬರ್‌ನಲ್ಲಿ ಎಲ್ಲರಿಗೂ ಫ್ರೀ ಬಿಟ್ಟುಬಿಟ್ರು. ಹಾಗಾಗಿ ದುಡ್ಡಿನ ಮಾತೇ ಇಲ್ಲ.

ಇದರಲ್ಲಿ ನೀವು ಆಟಗಾರ ಅಲ್ಲ, ಮ್ಯಾನೇಜರ್. ಯಾರನ್ನ ತಗೋಬೇಕು, ಯಾರನ್ನ ಮಾರಬೇಕು, ಎಷ್ಟು ಸಂಬಳ, ಯಾರು ಎಲ್ಲಿ ನಿಲ್ಲಬೇಕು, ಬಾಲ್ ನಮ್ಮ ಹತ್ರ ಇದ್ದಾಗ ಎಲ್ಲಿ, ಇಲ್ಲದಾಗ ಎಲ್ಲಿ, ಇಷ್ಟನ್ನ ಹೇಳಿ ಬಿಡೋದು. ಮ್ಯಾಚ್ ಶುರು ಆದ್ರೆ ಮೈದಾನ ಕಾಣಲ್ಲ, ಆಟಗಾರರು ಕಾಣಲ್ಲ, ಬಾಲೂ ಕಾಣಲ್ಲ. ಸ್ಕ್ರೀನಲ್ಲಿ ಒಂದು ಪಟ್ಟಿ, ಅದರಲ್ಲಿ ಒಂದೊಂದೇ ಸಾಲು ಕಾಮೆಂಟರಿ, ಅಷ್ಟೇ. ಮೇಲಿಂದ ನೋಡೋ ಥರ ಚುಕ್ಕೆಗಳು ಓಡಾಡೋದು ಕೂಡ ಇದರ ಮುಂದಿನ ಗೇಮಲ್ಲಿ ಬಂದಿದ್ದು. ಚಿಕ್ಕಪ್ಪನ ಮಗ ಮೊದಲ ಸಲ ಪಕ್ಕ ಕೂತು ನೋಡಿ "ಅಣ್ಣ, ಆಟ ಯಾವಾಗ ಶುರುವಾಗತ್ತೆ?" ಅಂತ ಕೇಳಿದ, ಆಗ ಆಟ 70ನೇ ನಿಮಿಷಕ್ಕೆ ಬಂದಿತ್ತು.

ಆದ್ರೆ ಈ ಗೇಮಿನ ಜೀವ ಇರೋದೇ ಅಲ್ಲಿ ಅಂತ ನಾನು ಹೇಳೋದು. ನಮ್ಮ ಹಾಕಿ ನಮ್ಮೆಗೆ (ಕೊಡವ ಮನೆತನಗಳ ಹಾಕಿ ಹಬ್ಬ) ಹೋದವರಿಗೆ ಇದು ಬೇಗ ಅರ್ಥ ಆಗತ್ತೆ. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು ಶುರು ಮಾಡಿದ್ದು, ಈಗ ಮುನ್ನೂರಕ್ಕೂ ಮೇಲೆ ಒಕ್ಕಗಳು, ಅಂದ್ರೆ ಮನೆತನಗಳು, ಆಡ್ತವೆ, ಫೈನಲ್ ದಿನ ನಿಲ್ಲಕ್ಕೆ ಜಾಗ ಇರಲ್ಲ. ಚಿಕ್ಕವನಿದ್ದಾಗ ದೊಡ್ಡವರ ಬೆನ್ನು ಬಿಟ್ಟು ಏನೂ ಕಾಣ್ತಿರಲಿಲ್ಲ ನನಗೆ, ಮೈಕಲ್ಲಿ ಕಾಮೆಂಟರಿ ಹೇಳೋರ ದನಿ ಏರಿದ ಹಾಗೆ ಎದೆ ಹೊಡ್ಕೊಳ್ತಿತ್ತು, ಬಾಲ್ ಡಿ ಒಳಗೆ ಬಂತು ಅಂದ ತಕ್ಷಣ ಇಡೀ ಮೈದಾನ ತಲೆ ಒಳಗೆ ಬಂದುಬಿಡ್ತಿತ್ತು. ಈ ಗೇಮ್ ಕೂಡ ಹಾಗೇನೇ. ಒಂದು ಸಾಲು ಬಂದು ನಿಲ್ಲತ್ತೆ, ಮುಂದಿನ ಸಾಲು ಬರೋ ಮುಂಚೆ ಆ ಅರ್ಧ ಸೆಕೆಂಡು ಇದ್ಯಲ್ಲ, ಅಷ್ಟರಲ್ಲಿ ಕ್ರಾಸ್ ಬಂತು, ಡಿಫೆಂಡರ್ ಜಾರಿದ, ಗೋಲ್‌ಕೀಪರ್ ಮುಂದೆ ಬಂದ ಅಂತ ಎಲ್ಲ ನಾವೇ ನೋಡ್ಕೊಂಡಾಗಿರತ್ತೆ. ಗೋಲ್ ಆದ್ರೆ ಪಟ್ಟಿ ಮಿಣುಕತ್ತೆ. 3ಡಿಲಿ ಎಷ್ಟು ಚೆಂದ ತೋರಿಸಿದ್ರೂ ನಂಗೆ ಇಷ್ಟು ಕೈ ಬೆವರಿದ್ದಿಲ್ಲ.

ನಾನು ತಗೊಂಡ ಟೀಮ್ ಬೆರಿ. ದೊಡ್ಡ ಕ್ಲಬ್ ಅಲ್ಲ, ಆಗ ಇಂಗ್ಲೆಂಡಿನ ಮೂರನೇ ಹಂತದಲ್ಲಿತ್ತು, ಆ ಹಂತಕ್ಕೇ ಸೆಕೆಂಡ್ ಡಿವಿಷನ್ ಅಂತ ಹೆಸರು. ಯಾಕೆ ಬೆರಿ ಅಂದ್ರೆ ನಮ್ಮ ಭಾರತದ ಫುಟ್‌ಬಾಲ್ ಆಟಗಾರ ಬೈಚುಂಗ್ ಭುಟಿಯಾ 1999ರಲ್ಲಿ ಹೋಗಿ ಸೇರಿದ್ದು ಅಲ್ಲಿಗೇ, ಆಗ ಪೇಪರಲ್ಲಿ ಬಂದಿದ್ದನ್ನ ದೊಡ್ಡಪ್ಪನ ಮಗ ಕತ್ತರಿಸಿ ಇಟ್ಕೊಂಡಿದ್ದ, ಅವನಿಗೆ ಸುಂಟಿಕೊಪ್ಪದ ಗೋಲ್ಡ್ ಕಪ್ ಅಂದ್ರೆ ಪ್ರಾಣ, ಹಾಕಿ ಊರಲ್ಲಿ ಫುಟ್‌ಬಾಲ್ ಹುಚ್ಚು. ಭಾರತದ ಲೀಗ್ ಈ ಗೇಮಲ್ಲಿ ಆಡಕ್ಕೆ ಇಲ್ಲ, ಹಾಗಾಗಿ ನಮ್ಮದು ಅನ್ನಿಸೋ ಕ್ಲಬ್ ಅಂದ್ರೆ ನಂಗೆ ಇದೊಂದೇ ಹೊಳೀತು. 1900ರಲ್ಲೂ 1903ರಲ್ಲೂ ಇಂಗ್ಲೆಂಡಿನ ನಾಕೌಟ್ ಟೂರ್ನಿ ಎಫ್‌ಎ ಕಪ್ ಗೆದ್ದ ಟೀಮ್ ಇದು, 1903ರ ಫೈನಲಲ್ಲಿ ಡರ್ಬಿ ಕೌಂಟಿಗೆ 6-0. ನಾನು ಕೈಗೆ ತಗೊಂಡಾಗ ಅದ್ಯಾವುದೂ ಉಳಿದಿರಲಿಲ್ಲ ಬಿಡಿ, ಹಣ ಇಲ್ಲ, ಬೆಂಚಲ್ಲಿ ಸರಿಯಾದ ಡಿಫೆಂಡರ್ ಇಲ್ಲ.

ಮೊದಲ ಸೀಸನ್ ಕೊನೇ ಮ್ಯಾಚ್ ಬ್ಲ್ಯಾಕ್‌ಪೂಲ್ ಜೊತೆ. ಡ್ರಾ ಆದ್ರೆ ಉಳಿತೀವಿ, ಸೋತ್ರೆ ಕೆಳಗಿನ ಡಿವಿಷನ್. ಹೊರಗೆ ಹೆಂಚಿನ ಮೇಲೆ ಮಳೆ ಹೊಡೀತಾ ಇದೆ, ಲ್ಯಾಪ್‌ಟಾಪ್ ಬ್ಯಾಟರಿ 11%, ಅಮ್ಮ ಒಳಗಿಂದ ಕಣಿಲೆ ಸಾರು ಆರತ್ತೆ ಬಾ ಅಂತ ಎರಡು ಸಲ ಕರೆದಾಯ್ತು, 0-1 ಅಂತ ಇದೆ 80ನೇ ನಿಮಿಷದಲ್ಲಿ. ಇರೋ ಒಬ್ಬ ಮಿಡ್‌ಫೀಲ್ಡರ್‌ನ ತೆಗೆದು ಮೂರನೇ ಸ್ಟ್ರೈಕರ್ ಹಾಕಿದೆ. 88ನೇ ನಿಮಿಷದಲ್ಲಿ ಕಾರ್ನರ್ ಅಂತ ಬಂತು, ಒಂದು ಸಾಲು, ಇನ್ನೊಂದು ಸಾಲು, ಪಟ್ಟಿ ಮಿಣುಕ್ತು. ನಾನು ಕಿರುಚಿದ್ದಕ್ಕೆ ನಾಯಿ ಬೊಗಳಕ್ಕೆ ಶುರು ಮಾಡ್ತು. 24 ಟೀಮಲ್ಲಿ 20ನೇ ಜಾಗ, ಉಳ್ಕೊಂಡ್ವಿ. ನಿಜವಾದ ಬೆರಿ ಆ ಸೀಸನ್ನಲ್ಲಿ 22ನೇ ಸ್ಥಾನಕ್ಕೆ ಬಂದು ಇಳಿದುಹೋಯ್ತು, ಐಟಿವಿ ಡಿಜಿಟಲ್ ಅನ್ನೋ ಟಿವಿ ಕಂಪನಿ ಮುಳುಗಿ ಚಿಕ್ಕ ಕ್ಲಬ್‌ಗಳಿಗೆಲ್ಲ ಬರಬೇಕಾದ ಟಿವಿ ದುಡ್ಡು ನಿಂತುಹೋದ ವರ್ಷ ಅದು. ಕೊನೆಗೆ 2019ರ ಆಗಸ್ಟಲ್ಲಿ ಹಣಕಾಸಿನ ಸಮಸ್ಯೆಯಿಂದ ಲೀಗಿಂದಾನೇ ಹೊರಗೆ ಹಾಕಿದ್ರು, 1885ರಲ್ಲಿ ಶುರುವಾದ ಕ್ಲಬ್ಬು. 2023ರಿಂದ ಮತ್ತೆ ಅದೇ ಹೆಸರಲ್ಲಿ ಗಿಗ್ ಲೇನ್ ಮೈದಾನದಲ್ಲಿ ತುಂಬಾ ಕೆಳಗಿನ ಹಂತದಿಂದ ಆಡ್ತಿದ್ದಾರೆ ಅಂತ ಓದಿದ ದಿನ ನಂಗೆ ನಮ್ಮೂರ ಟೀಮೇ ವಾಪಸ್ ಬಂದಷ್ಟು ಸಂತೋಷ ಆಯ್ತು.

ಈ ಗೇಮಿನ ಆಟಗಾರರ ಕತೆ ಹೇಳಿದ್ರೆ ಮುಗಿಯಲ್ಲ. ಪ್ರತಿಯೊಬ್ಬನಿಗೂ ವೇಗ, ಹೆಡಿಂಗ್, ಪಾಸಿಂಗ್ ಹೀಗೆ ಒಂದೊಂದಕ್ಕೂ 20ಕ್ಕೆ ಅಂಕ. ನಮಗೆ ಕಾಣದ ಇನ್ನೊಂದು ಅಂಕ ಒಳಗಿರತ್ತೆ, ಈತ ಎಲ್ಲಿವರೆಗೆ ಬೆಳೀಬಹುದು ಅನ್ನೋದಕ್ಕೆ, ಅದು 200ಕ್ಕೆ. ಕೆಲವು ಹುಡುಗರಿಗೆ ಹೊಸ ಗೇಮ್ ಶುರು ಮಾಡಿದಾಗಲೆಲ್ಲ ಅದು ಬದಲಾಗತ್ತೆ, ಹಾಗಾಗಿ ಎರಡು ಸಲ ಒಂದೇ ಥರ ಆಗಲ್ಲ. ಮಿಲ್‌ವಾಲ್‌ನ ಚೆರ್ನೊ ಸಾಂಬ 16 ವರ್ಷದ ಹುಡುಗ, ಗೇಮಲ್ಲಿ ದೇವರಂಥ ಸ್ಟ್ರೈಕರ್ ಆಗ್ತಾನೆ, ನಿಜ ಜೀವನದಲ್ಲಿ ಆ ಮಟ್ಟಕ್ಕೆ ಹೋಗಲಿಲ್ಲ. ಡಿನಾಮೊ ಮಿನ್ಸ್ಕ್‌ನ ಮಾಕ್ಸಿಮ್ ತ್ಸಿಗಾಲ್ಕೊ ಸೀಸನ್ನಿಗೆ ರಾಶಿ ರಾಶಿ ಗೋಲ್ ಹೊಡೀತಾನೆ. ಪಾಪ, ನಿಜದಲ್ಲಿ ಗಾಯದ ಮೇಲೆ ಗಾಯ ಆಗಿ ಬೇಗ ಆಟ ಬಿಟ್ಟ, 2020ರ ಡಿಸೆಂಬರಲ್ಲಿ 37ನೇ ವಯಸ್ಸಿಗೇ ತೀರಿಹೋದ. ಆ ಸುದ್ದಿ ಓದಿದ ಮೇಲೆ ಅವನ ಹೆಸರು ಲಿಸ್ಟಲ್ಲಿ ಕಂಡರೆ ಒಂದು ಕ್ಷಣ ಕೈ ನಿಲ್ಲತ್ತೆ ನಂಗೆ. ಇನ್ನು ಪೋರ್ಚುಗಲ್‌ನ ಟೊ ಮಡೇರ ಅಂತ ಒಬ್ಬ ಇದ್ದಾನೆ, ಗೌವೆಯ ಅನ್ನೋ ಚಿಕ್ಕ ಕ್ಲಬ್ಬಲ್ಲಿ, ಆ ಥರ ಆಟಗಾರನೇ ಪ್ರಪಂಚದಲ್ಲಿ ಇರಲಿಲ್ಲ! ಆಮೇಲೆ ಗೇಮ್ ಸರಿಮಾಡಕ್ಕೆ ಬಂದ 3.9.68 ಪ್ಯಾಚಲ್ಲಿ ಅವನನ್ನ ತೆಗೆದುಹಾಕಿದ್ರು.

ನನ್ನ ಬೆರಿಗೆ ಆಸರೆ ಆಗಿದ್ದು ಮೈಕಲ್ ಡಫ್. ಚೆಲ್ಟನ್‌ಹ್ಯಾಮ್‌ನ ಡಿಫೆಂಡರ್, ಎರಡನೇ ಸೀಸನ್ನಲ್ಲಿ ಕಮ್ಮಿ ರೇಟಿಗೆ ಸಿಕ್ಕಿದ, ಬಂದ ಮೇಲೆ ನಮ್ಮ ಗೋಲ್ ಪೋಸ್ಟ್ ಮುಂದೆ ಗೋಡೆ ಕಟ್ಟಿದ ಹಾಗಾಯ್ತು. ಈ ವಿಷಯದಲ್ಲಿ ಗೇಮ್ ಲೆಕ್ಕ ಪಕ್ಕಾ ಸರಿ ಬಂದಿದೆ ನೋಡಿ, ನಿಜವಾದ ಡಫ್ 2004ರಲ್ಲಿ ಬರ್ನ್ಲಿಗೆ ಹೋಗಿ 2009ರಲ್ಲಿ ಪ್ರೀಮಿಯರ್ ಲೀಗ್ ಆಡಿದ, ಇಂಗ್ಲಿಷ್ ಫುಟ್‌ಬಾಲ್‌ನ ಮೇಲಿನ ಎಂಟು ಹಂತದಲ್ಲೂ ಆಡಿದವನು. ಮೂರನೇ ಸ್ಟ್ರೈಕರ್ ಹಾಕಿದ್ರೆ ಗೆಲ್ಲಬಹುದು, ಆದ್ರೆ ಉಳಿಯಕ್ಕೆ ಡಿಫೆಂಡರ್ ಬೇಕು ಅಂತ ಹೊಸದಾಗಿ ಆಡೋರಿಗೆ ನಾನು ಮೊದಲು ಹೇಳೋದು.

ಕಷ್ಟಗಳೂ ಇವೆ. ಸ್ಕ್ರೀನ್ 800x600ರಲ್ಲೇ ಇರೋದು, ದೊಡ್ಡ ಮಾನಿಟರಲ್ಲಿ ಅಕ್ಷರ ಹಿಗ್ಗಿ ಮಸುಕಾಗಿ ಕಾಣತ್ತೆ. ವಿಂಡೋಸ್ 10, 11ರಲ್ಲಿ ಸುಮ್ನೆ ಡಬಲ್ ಕ್ಲಿಕ್ ಮಾಡಿದ್ರೆ ಓಪನ್ ಆಗದೇ ಇರಬಹುದು, ಪ್ರಾಪರ್ಟೀಸ್‌ಗೆ ಹೋಗಿ ಎಕ್ಸ್‌ಪಿ ಕಂಪಾಟಿಬಿಲಿಟಿ ಹಾಕಿ ಅಡ್ಮಿನ್ ಆಗಿ ರನ್ ಮಾಡಿ. ಎಲ್ಲ ದೇಶದ ಲೀಗ್ ಒಟ್ಟಿಗೆ ಆನ್ ಮಾಡಿದ್ರೆ ಹಳೇ ಮಷೀನಲ್ಲಿ ಒಂದು ದಿನ ಮುಂದೆ ಹೋಗಕ್ಕೇ ಕಾಯಬೇಕು, ನಾನು ಇಂಗ್ಲೆಂಡ್, ಸ್ಕಾಟ್ಲೆಂಡ್ ಎರಡೇ ಇಟ್ಕೊಂಡಿದೀನಿ, ಸರಸರ ಹೋಗತ್ತೆ. ಮುಂದೆ ಮೂರು ಜನ ನಿಲ್ಲಿಸೋ ಕೆಲವು ಟ್ಯಾಕ್ಟಿಕ್ಸ್ ಹಾಕಿದ್ರೆ ಯಾವ ಟೀಮನ್ನೂ ಸೋಲಿಸಬಹುದು, ನೆಟ್ಟಲ್ಲಿ ಸಿಗತ್ತೆ, ದಯವಿಟ್ಟು ಹಾಕಬೇಡಿ, ಒಂದು ವಾರದಲ್ಲಿ ಗೇಮ್ ಸಪ್ಪೆ ಆಗಿಬಿಡತ್ತೆ. ಎಲ್ಲ ಇಂಗ್ಲಿಷಲ್ಲೇ ಓದ್ಕೊಂಡು ಕೂರಬೇಕು, ಓದೋ ತಾಳ್ಮೆ ಇಲ್ಲದವರಿಗೆ ಇದು ಬೇಡ. ಇವತ್ತಿನ ಆಟಗಾರರೇ ಬೇಕು ಅನ್ನೋರಿಗೆ ಅಭಿಮಾನಿಗಳು ಈಗಲೂ ಹೊಸ ಡೇಟಾ ಹಾಕ್ತಾರೆ, ಅದು ಕೂಡ ಫ್ರೀ. ನಂಗೆ 2001ರದ್ದೇ ಸಾಕು.

ಒಂದೇ ಕಂಪ್ಯೂಟರಲ್ಲಿ ಇಬ್ಬರು ಮೂವರು ಬೇರೆ ಬೇರೆ ಟೀಮ್ ತಗೊಂಡು ಸರದಿ ಮೇಲೆ ಆಡಬಹುದು, ಮಳೆಲಿ ಮನೆ ತುಂಬ ಜನ ಇದ್ದಾಗ ಇದಕ್ಕಿಂತ ಒಳ್ಳೇದು ಇಲ್ಲ. ಅವತ್ತು ಆಟ ಯಾವಾಗ ಶುರು ಅಂತ ಕೇಳಿದ ತಮ್ಮ ಈಗ ವ್ರೆಕ್ಸ್‌ಹ್ಯಾಮ್ ಮ್ಯಾನೇಜರ್, ಹೋದ ವಾರ ಡಫ್‌ನ ನನ್ನ ಕೈಯಿಂದ ಕೊಂಡುಕೊಳ್ಳಕ್ಕೆ ಎರಡು ಸಲ ಆಫರ್ ಹಾಕಿದ್ದಾನೆ. ಕೊಡಲ್ಲ. ಬೆರಿ ಈಗ ಮೂರನೇ ಸ್ಥಾನದಲ್ಲಿದೆ, ಗೇಮಿನ ಶನಿವಾರ ಅವನ ಟೀಮ್ ಜೊತೆನೇ ಮ್ಯಾಚು, ಇವತ್ತು ಸಂಜೆ ಆರಕ್ಕೆ ಜನರೇಟರ್ ಹಾಕಿದ ಮೇಲೆ ಆಡ್ತೀವಿ.