ಹುಬ್ಬಳ್ಳಿಯ ಒಂದು ಟೀಚಿಂಗ್ ಹಾಸ್ಪಿಟಲ್, ಸರ್ಜರಿ ಓಪಿಡಿ: 5ಕ್ಕ 4 ಸ್ಟಾರ್

4 ಸ್ಟಾರ್ ಕೊಟ್ಟಿದ್ದು ಬಿಲ್ಡಿಂಗ್ ನೋಡಿ ಅಲ್ರೀ, ಅಲ್ಲಿ ಸರ್ಜರಿಯೊಳಗ ಲೇಡಿ ಡಾಕ್ಟ್ರು ಅದಾರ ಅಂತ. ನಮ್ಮ ಚಿಗವ್ವ ಲಕ್ಷ್ಮೇಶ್ವರದಾಕಿ, ಎದಿಯಾಗ ಗಂಟು ಇಟ್ಕೊಂಡು ಎಷ್ಟೋ ತಿಂಗ್ಳ ಯಾರಿಗೂ ಹೇಳಿರ್ಲಿಲ್ಲ, ಗಂಡಸ ಡಾಕ್ಟ್ರ ಮುಂದ ಸೆರಗ ಹೆಂಗ ತಗೀಲಿ ಅಂತ. ನಮ್ಮ ಕಡೆ ಭಾಳ ಮಂದಿ ಇದಕ್ಕ ಹೆರಿಗಿ ಡಾಕ್ಟ್ರ ಹತ್ರ ಹೋಗ್ತಾರ, ಆದ್ರ ಎದಿ ಗಂಟು ನೋಡವ್ರು ಜನರಲ್ ಸರ್ಜರಿಯವ್ರು, ಅಲ್ಲಿ ನೋಡಿದ್ರ ಗಂಡಸರ ಜಾಸ್ತಿ.

ಅವತ್ತ ಪಿಜಿ ಮೇಡಂ (ಎಂಬಿಬಿಎಸ್ ಮುಗಿಸಿ ಸರ್ಜರಿ ಕಲಿಯಾಕ ಹತ್ತಿದ ಡಾಕ್ಟ್ರು) ಇದ್ರು, ಪರದೆ ಎಳದು ಕೈಲೆ ಚೆಕ್ ಮಾಡಿದ್ರು, ಆಮ್ಯಾಲ ಸ್ಕ್ಯಾನ್, ಸೂಜಿ ಹಾಕಿ ಬಯಾಪ್ಸಿ, ಮೂರೂ ಯಾಕ ಬೇಕಂತ ಚಿಗವ್ವಗ ತಿಳಿಯೂ ಹಂಗ ಹೇಳಿದ್ರು. ಗಂಟು ಕ್ಯಾನ್ಸರ್ ಅಲ್ಲ, ಫೈಬ್ರೋಅಡಿನೋಮಾ. ಆಪರೇಷನ್ನಿಗೆ ಆ ಮೇಡಂನೂ ಇದ್ರು, ಸೀನಿಯರ್ ಸರ್ ಬಾಜೂಕ ನಿಂತು ಅವ್ರ ಕೈಲೇ ಮಾಡಿಸಿದ್ರಂತ, ಬರೇ ರಿಟ್ರ್ಯಾಕ್ಟರ್ (ಕೊಯ್ದ ಜಾಗ ಅಗಲ ಮಾಡಿ ಹಿಡಿಯೂ ಸಾಮಾನು) ಹಿಡಿಯಾಕ ಹಚ್ಚಲಿಲ್ಲ, ಇದು ನನಗ ಭಾಳ ಸೇರ್ತು. ಎಂಬಿಬಿಎಸ್ ಆದ ಮ್ಯಾಲ ಸರ್ಜನ್ ಆಗಾಕ ಎಂಎಸ್ ಡಿಗ್ರಿ ಅಂದ್ರ ಇನ್ನೂ 3 ವರ್ಷ, ಅದ ವಯಸ್ನಾಗ ಮನ್ಯಾಗ ಮದುವಿ, ಮಕ್ಕಳು ಅಂತ ಗಂಟು ಬೀಳ್ತಾರ, ಮ್ಯಾಲೆ ರಾತ್ರಿಯಿಡೀ ಡ್ಯೂಟಿ, ಹಿಂಗಾಗಿ ಹುಡುಗ್ಯಾರು ಸರ್ಜರಿ ಬಿಟ್ಟು ಬ್ಯಾರೆ ಬ್ರಾಂಚ್ ತಗೊಂಡ್ರ ಅವ್ರನ್ನ ಏನಂತ ಬೈಯೂದು?

2021ರಾಗ ಜಾಮಾ ಸರ್ಜರಿ ಅನ್ನೂ ಜರ್ನಲ್‌ನಾಗ ಒಂದು ಸ್ಟಡಿ ಬಂದೈತಿ, ಕೆನಡಾದ ಒಂಟಾರಿಯೋದಾಗ 13 ಲಕ್ಷ ಪೇಷಂಟ್‌ಗಳ ರೆಕಾರ್ಡ್ ನೋಡಿದ್ದು. ಹೆಣ್ಮಕ್ಕಳಿಗೆ ಗಂಡಸ ಸರ್ಜನ್ ಆಪರೇಷನ್ ಮಾಡಿದಾಗ ಆಮ್ಯಾಲ ತೊಂದ್ರಿ ಆಗೂದು ಒಂಚೂರು ಜಾಸ್ತಿ ಕಂಡಿತ್ತು. ಹಂಗಂತ ಗಂಡಸ ಡಾಕ್ಟ್ರ ಕೈ ಸುಮಾರು ಅಂತ ಅಲ್ಲ (ನಮ್ಮಪ್ಪನ ಹರ್ನಿಯಾ ಮಾಡಿದವ್ರು ಸರ್ ಅವ್ರ, ಛಲೋ ಮಾಡಿದ್ರು), ಆದ್ರ ಚಿಗವ್ವ ಬಾಯಿ ಬಿಟ್ಟಿದ್ದು ಮೇಡಂ ಮುಂದ ಅನ್ನೂದಂತೂ ಖರೆ.

ಒಂದು ಸ್ಟಾರ್ ಯಾಕ ಕಟ್ ಅಂದ್ರ, ಯಾವ ಯೂನಿಟ್‌ನಾಗ (ಡಾಕ್ಟ್ರ ತಂಡದಾಗ), ಯಾವ ದಿನ ಲೇಡಿ ಸರ್ಜನ್ ಇರ್ತಾರಂತ ಎಲ್ಲೂ ಬೋರ್ಡ್ ಇಲ್ಲ, ಕೌಂಟರ್‌ನಾಗ ಕೇಳಿದ್ರ "ಯಾರ್ ಇದ್ರೂ ನೋಡ್ತಾರ ತಗೋರಿ" ಅಂತಾರ. ವಾರ್ಡಿನಾಗ ಮಂದಿನೂ ಹಂಗ, ಸ್ಟೆತ್ ಹಾಕ್ಕೊಂಡು ನಿಂತ ಮೇಡಂಗ "ಸಿಸ್ಟರ್, ಡಾಕ್ಟ್ರು ಯಾವಾಗ ಬರ್ತಾರ್ರೀ" ಅಂತ ಕೇಳಾವ್ರು, ಅವ್ರು ಪಾಪ "ನಾನ ರೀ ಡಾಕ್ಟ್ರು" ಅಂತ ನಕ್ಕೊಂತ ಮುಂದಿನ ಬೆಡ್ಡಿಗೆ ಹೋಗ್ತಿದ್ರು. ಹೋಗಾವ್ರು ಮುಂಜಾನೆ ಲಗೂನ ಹೋಗ್ರಿ, ಚೀಟಿ ಮಾಡಿಸೂ ಮುಂದ ಮೇಡಂ ಇರೂ ಯೂನಿಟ್ ಬೇಕಂತ ಗಟ್ಟಿಯಾಗಿ ಕೇಳ್ರಿ.